ಘಾಟಿನ ಊರಿನಲ್ಲಿ ಕೆಮ್ಮು

ಹುಬ್ಬಳ್ಳಿಯಿಂದ ದಾವಣಗೆರೆಯ ಕಡೆಗೆ ಸಾಗುವ ರೈಲುಹಾದಿಯಲ್ಲಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಹಾವೇರಿಗೆ ಯಾಲಕ್ಕಿ ಹಾರದ ಪರಿಮಳ, ರಾಣೆಬೆನ್ನೂರಿಗೆ ಹತ್ತಿಯ ವ್ಯಾಪಾರ, ಬ್ಯಾಡಗಿಗೆ ಮೆಣಸಿನಕಾಯಿ. ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ಕಾಯಿ ಅದು. ಆದರೂ ಸುಗ್ಗಿಯಲ್ಲಿ ಅಲ್ಲಿನ ಮಾರುಕಟ್ಟೆಯನ್ನು ಹೊಕ್ಕ ಹೊಸಬನು ಕೆಮ್ಮದೆ ಹೊರಬರಲಾರ. ನಾನೂ ಕೆಮ್ಮಿದ್ದೇನೆ. ಚೀಲ ಹೊರುವ ಹಮಾಲರು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು 'ಘಾಟು ರೀ, ರೂಢಿ ಆಗತೈತಿ' ಎಂದು ನಕ್ಕಿದ್ದಾರೆ.

ಆ ರೂಢಿಯಲ್ಲಿಯೇ ಅಪಾಯವಿದೆ. ಕೆಮ್ಮನ್ನು ಊರಿನ ಗುಣವೆಂದು ಒಪ್ಪಿಕೊಂಡಲ್ಲಿ ಕ್ಷಯದ ಕೆಮ್ಮೂ ಅದರ ಮರೆಯಲ್ಲಿ ಅಡಗಬಲ್ಲದು. ಕ್ಷಯ ಹುಟ್ಟುವುದು ಘಾಟಿನಿಂದಲ್ಲ, ಕ್ರಿಮಿಯಿಂದ. ರಾಬರ್ಟ್ ಕಾಕ್ ಅದನ್ನು 1882ರಲ್ಲಿಯೇ ತೋರಿಸಿಕೊಟ್ಟನು. ಎರಡು ವಾರ ಮೀರಿದ ಕೆಮ್ಮು ಯಾವ ಬಗೆಯದೆಂಬುದನ್ನು ಕಿವಿ ಹೇಳಲಾರದು, ಕಫವೇ ಹೇಳಬೇಕು.

ಕಫದ ಪರೀಕ್ಷೆ ಬಹುಕಾಲ ಸೂಕ್ಷ್ಮದರ್ಶಕವನ್ನೇ ನಂಬಿಕೊಂಡಿತ್ತು. ಕ್ರಿಮಿಗಳು ದಟ್ಟವಾಗಿದ್ದರೆ ಮಾತ್ರ ಅದರಲ್ಲಿ ಕಾಣುತ್ತಿದ್ದವು. ಅವು ಔಷಧಕ್ಕೆ ಬಗ್ಗುವುವೋ ಇಲ್ಲವೋ ಎಂದರಿಯಲು ಅವುಗಳನ್ನು ಬೆಳೆಸಿ ವಾರಗಟ್ಟಲೆ ಕಾಯಬೇಕಾಗಿತ್ತು. ಈಗಿನ ಯಂತ್ರಗಳು ಕ್ರಿಮಿಯ ಡಿಎನ್‌ಎಯ ತುಣುಕೊಂದನ್ನು ಹಿಡಿದು, ಅದರ ಪ್ರತಿಗಳನ್ನು ಅಸಂಖ್ಯವಾಗಿ ಹೆಚ್ಚಿಸಿ ಗುರುತಿಸುತ್ತವೆ. ಗೋವೆಯ ಸಂಸ್ಥೆಯೊಂದು ತಯಾರಿಸುವ 'ಟ್ರೂನ್ಯಾಟ್' 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆಯಿತು. ಬ್ಯಾಟರಿಯಿಂದಲೂ ನಡೆಯುವ ಈ ಯಂತ್ರಕ್ಕೆ ಸಣ್ಣ ಆಸ್ಪತ್ರೆಯ ಮೇಜೊಂದು ಸಾಕು. ಸುಮಾರು ಒಂದು ಗಂಟೆಯಲ್ಲಿ ಕ್ಷಯ ಉಂಟೋ ಇಲ್ಲವೋ ತಿಳಿಯುತ್ತದೆ. ಇನ್ನೊಂದು ಗಂಟೆಯಲ್ಲಿ, ರಿಫಾಂಪಿಸಿನ್ ಎಂಬ ಮುಖ್ಯ ಔಷಧ ನಾಟುವುದೋ ಇಲ್ಲವೋ ಎಂಬುದೂ.

ಆದರೆ ಕಫ ಯಂತ್ರದ ಬಳಿಗೆ ಬರಬೇಕಲ್ಲ? ಬಾರದಿದ್ದರೆ ಹಳ್ಳಿಗರ ಅಜ್ಞಾನವನ್ನು ದೂರುವುದು ಓದಿದ ನಮಗೆ ಸುಲಭ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತು. ರೋಗಿಗಳಲ್ಲಿ ಬಹುಮಂದಿಗೆ ತಮ್ಮ ದೇಹಸ್ಥಿತಿಯ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಿದ್ದರು. ಆದರೆ ಕೆಮ್ಮಿನ ಔಷಧದ ಸೀಸೆಯೊಂದನ್ನು ಕೊಟ್ಟು ಅಂಥವರನ್ನು ಕಳುಹಿಸಿಬಿಡುವುದು ಸಾಮಾನ್ಯವಾಗಿತ್ತು. ಬ್ಯಾಡಗಿಯಲ್ಲಿ ಹೀಗೆ ಕಳುಹಿಸಲು ಘಾಟೆಂಬ ನೆವವೂ ಸಿದ್ಧವಾಗಿದೆ ಎಂಬುದೇ ನನ್ನ ಅಂಜಿಕೆ.

ಇನ್ನು ಆರೈಕೆಯ ಮಾತು. ಮನೆಯಲ್ಲಿಯೇ ಔಷಧ ಪಡೆದ ಬಡರೋಗಿಗಳು ಆರೋಗ್ಯಧಾಮದಲ್ಲಿ ಮಲಗಿದವರಷ್ಟೇ ಚೆನ್ನಾಗಿ ಗುಣವಾಗಬಲ್ಲರೆಂದು ಮದರಾಸಿನ ಸಂಶೋಧಕರು 1959ರಲ್ಲಿ ತೋರಿಸಿದರು. ಆ ರೋಗಿಗಳ ಊಟ ಕಡಿಮೆಯಿದ್ದಿತು. ಔಷಧವೊಂದಿದ್ದರೆ ಸಾಕೆಂಬ ಭಾವನೆ ಬೆಳೆದು, ಅನ್ನದ ವಿಚಾರ ಹಿಂದೆ ಸರಿಯಿತು. ಅದನ್ನು ಮತ್ತೆ ಮುಂದೆ ತಂದವರಲ್ಲಿ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಪ್ರಮುಖರು. ಜಾರ್ಖಂಡದಲ್ಲಿ ರೋಗಿಗಳ ಕುಟುಂಬಗಳಿಗೆ ತಿಂಗಳು ತಿಂಗಳೂ ಅಕ್ಕಿಬೇಳೆ ಕೊಟ್ಟು ನಡೆಸಿದ ಪ್ರಯೋಗದ ಫಲ 2023ರಲ್ಲಿ ಪ್ರಕಟವಾಯಿತು. ದಿನಸಿ ಪಡೆದ ಮನೆಯವರಲ್ಲಿ ಹೊಸದಾಗಿ ಕ್ಷಯ ತಗಲುವುದು ನೂರಕ್ಕೆ 39ರಷ್ಟು ಇಳಿಯಿತು. ಎರಡು ತಿಂಗಳಲ್ಲಿ ತೂಕ ನೂರಕ್ಕೆ 5ರಷ್ಟು ಏರಿದ ರೋಗಿಗಳಲ್ಲಿ ಸಾವಿನ ಅಪಾಯ ನೂರಕ್ಕೆ 61ರಷ್ಟು ಕಡಿಮೆ ಕಂಡಿತು.

ಪೋಷಣೆಗೆಂದು ಸರಕಾರ ಕ್ಷಯರೋಗಿಗೆ ಕೊಡುವ ಹಣ 2024ರ ನವೆಂಬರಿನಲ್ಲಿ ತಿಂಗಳಿಗೆ 500ರಿಂದ 1000 ರೂಪಾಯಿಗೆ ಏರಿತು. ಒಳ್ಳೆಯದೇ. ಆದರೆ ಸಾಮಾನ್ಯ ಕ್ಷಯಕ್ಕೂ ಆರು ತಿಂಗಳ ಚಿಕಿತ್ಸೆ ಬೇಕು. ಅಷ್ಟರಲ್ಲಿ ಮೆಣಸಿನಕಾಯಿಯ ಸುಗ್ಗಿಯೇ ಮುಗಿದುಹೋಗಬಹುದು. ತೊಟ್ಟು ಬಿಡಿಸಿ ಮನೆ ನಡೆಸುವವಳು ತಾನು ಉಳಿದ ದಿನಗಳ ಕೂಲಿಯನ್ನು ಬೆರಳೆಣಿಸಿಯೇ ಆಸ್ಪತ್ರೆಗೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾಳೆ.