ಬಿಎಂಐ 39 ಇದ್ರೆ ವಿಮೆ ದುಡ್ಡು ಕೊಡುತ್ತಾ?

ಬಹಳಷ್ಟು ಮನೆಗಳಲ್ಲಿ ಇಂಗ್ಲಿಷ್‌ನಲ್ಲಿರೋ ವಿಮಾ ಪಾಲಿಸಿ ಓದಿ ಹೇಳೋರು ನಾವೇ. ಮಧುರೆ ಸುತ್ತಲಿನ ಮನೆಯಾಗಲಿ, ಹಾಸ್ಟೆಲ್ ಗೆಳೆಯರ ದೂರದೂರಾಗಲಿ, "ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಇದರಲ್ಲೇನಿದೆ ನೋಡು" ಅಂತ ಫೋನ್ ಬರುತ್ತೆ. ಹಾಗೆ ಬರಬಹುದಾದ ಒಂದು ಪ್ರಶ್ನೆ: ತೂಕ ಇಳಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಗೆ ವಿಮೆ ಸಿಗುತ್ತಾ?

ಸಿಗುತ್ತೆ, ಆದರೆ ಷರತ್ತುಗಳಿವೆ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2019ರ ಸೆಪ್ಟೆಂಬರ್‌ನಲ್ಲಿ ಪಾಲಿಸಿಗಳ ಹೊರಗಿಡುವಿಕೆಗಳಿಗೆ ಏಕರೂಪದ ಮಾತುಗಳನ್ನು ಕೊಟ್ಟಿತು. ಬೊಜ್ಜಿನದು ಅದರಲ್ಲಿ 'ಎಕ್ಸ್‌ಕ್ಲೂಷನ್ 06'. ಅದರ ಪ್ರಕಾರ ವೈದ್ಯರ ಸಲಹೆ ಇರಬೇಕು, ಚಿಕಿತ್ಸೆ ವೈದ್ಯಕೀಯ ನಿಯಮಾವಳಿಗೆ ಒಪ್ಪಬೇಕು, ವಯಸ್ಸು 18 ತುಂಬಿರಬೇಕು, ಬಿಎಂಐ ಷರತ್ತೂ ದಾಟಬೇಕು. ನಮ್ಮ ಭಾಷೆಯಲ್ಲಿ ಇದು ನಾಲ್ಕು ಇನ್‌ಪುಟ್‌ನ ಆ್ಯಂಡ್ ಗೇಟ್. ಒಂದು ಸೊನ್ನೆಯಾದ್ರೂ ಔಟ್‌ಪುಟ್ ಸೊನ್ನೆ.

ನಾಲ್ಕನೆಯದರೊಳಗೆ ಒಂದು ಆರ್ ಗೇಟ್ ಇದೆ. ಬಿಎಂಐ 40 ಅಥವಾ ಹೆಚ್ಚಿದ್ದರೆ ಸರಿ. ಇಲ್ಲವೇ 35 ಅಥವಾ ಹೆಚ್ಚಿದ್ದು, ಇತರ ಸರಳ ವಿಧಾನಗಳು ಫಲಿಸದೆ, ಈ ನಾಲ್ಕರಲ್ಲಿ ಒಂದು ಕಾಯಿಲೆ ಇರಬೇಕು: ಬೊಜ್ಜಿನಿಂದಾದ ಹೃದಯಸ್ನಾಯು ರೋಗ, ಹೃದಯದ ರಕ್ತನಾಳದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ, ಹತೋಟಿಗೆ ಬಾರದ ಟೈಪ್ 2 ಸಕ್ಕರೆ ಕಾಯಿಲೆ.

ಎತ್ತರ 1.65 ಮೀಟರ್, ತೂಕ 106 ಕೆ.ಜಿ. ಇರುವವರನ್ನು ತಗೊಳ್ಳಿ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಸುಮಾರು 39. ಮಂಡಿ ನೋವಿದೆ, ಬಿಪಿ ಇದೆ, ಸಕ್ಕರೆ ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಪಟ್ಟಿಯಲ್ಲಿರೋ ಯಾವುದೂ ಇಲ್ಲ, ಹಾಗಾಗಿ ಈ ಷರತ್ತು ದಾಟಲ್ಲ. ಆದರೆ ಶಸ್ತ್ರಚಿಕಿತ್ಸಕರ ಅಂತರರಾಷ್ಟ್ರೀಯ ಸಂಘಟನೆಗಳ 2022ರ ಮಾರ್ಗಸೂಚಿ, ಬಿಎಂಐ 35 ದಾಟಿದರೆ ಬೇರೆ ಕಾಯಿಲೆ ಇಲ್ಲದಿದ್ದರೂ ಶಸ್ತ್ರಚಿಕಿತ್ಸೆ ಮಾಡಬಹುದು ಅನ್ನುತ್ತೆ. ಏಷ್ಯಾದವರಿಗೆ 27.5ರಿಂದಲೇ ಪರಿಗಣಿಸಬಹುದು ಅನ್ನುತ್ತೆ. ಅಂದ್ರೆ ಡಾಕ್ಟರ್ "ಮಾಡಿಸಿ" ಅಂದರೂ ವಿಮೆ "ಇಲ್ಲ" ಅನ್ನಬಹುದು. ನಡುವಿನ ಖರ್ಚು ಮನೆಯವರ ತಲೆ ಮೇಲೆ.

ಗೇಟ್ ದಾಟಿದ ಮೇಲೂ ಕಾಯುವ ಅವಧಿ ಇದೆ. ಮೊದಲೇ ಇದ್ದ ಕಾಯಿಲೆಗೆ ಇದು ಈಗ ಗರಿಷ್ಠ 36 ತಿಂಗಳು. ಪಾಲಿಸಿ ಮಾಡಿಸುವಾಗ ಸಕ್ಕರೆ ಕಾಯಿಲೆ ಮುಚ್ಚಿಟ್ಟರೆ ಕ್ಲೇಮ್ ತಿರಸ್ಕಾರಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ.

ಹಾಗಾಗಿ ದಾಖಲೆ ಮುಖ್ಯ. ಪಥ್ಯ, ವ್ಯಾಯಾಮ, ಔಷಧಿ ಪ್ರಯತ್ನಿಸಿದ್ದು ಡಾಕ್ಟರ ಚೀಟಿಯಲ್ಲಿ ದಿನಾಂಕ, ತೂಕದ ಸಮೇತ ಇರಲಿ. ಗೊರಕೆ ಜೋರಿದ್ದರೆ ಸ್ಲೀಪ್ ಸ್ಟಡಿ ಬೇಕೇ ಅಂತ ಡಾಕ್ಟರನ್ನು ಕೇಳಿ. ಆಸ್ಪತ್ರೆಗೆ ಸೇರುವ ಮುಂಚೆಯೇ ಪೂರ್ವಾನುಮತಿ ಪಡೆಯಿರಿ.

ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ. ಮೊದಲು ಕಂಪನಿಗೆ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಅಲ್ಲಿ ಶುಲ್ಕವಿಲ್ಲ.

ಈ ವಾರಾಂತ್ಯ ಮನೆಗೆ ಹೋದಾಗ ಪಾಲಿಸಿ ತೆಗೆದು 'ಎಕ್ಸ್‌ಕ್ಲೂಷನ್ 06' ಇರೋ ಪುಟ ಹುಡುಕಿ, ಅಮ್ಮ ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳೋಣ.