ಸರ್ಕಾರದ ಗಮನಕ್ಕೆ ಬಂದಿದೆಯೇ? – ಊರಿನ ಕೊರತೆ ಸದನದ ಪ್ರಶ್ನೆಯಾಗುವ ಬಗೆ

ತಾಲ್ಲೂಕು ಕೇಂದ್ರದ ಒಂದು ಸರ್ಕಾರಿ ಆಸ್ಪತ್ರೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನೂರು ಹಾಸಿಗೆಯ ಕಟ್ಟಡವಿದೆ. ಆಪರೇಷನ್ ಥಿಯೇಟರ್ ಇದೆ. ಹೆರಿಗೆ ಡಾಕ್ಟರೂ ಇದ್ದಾರೆ. ಆದರೂ ನಡುರಾತ್ರಿ ನೋವು ತಿನ್ನುತ್ತಾ ಬಂದ ಹೆಣ್ಣುಮಗಳಿಗೆ ಸಿಸೇರಿಯನ್ ಬೇಕೆಂದಾದರೆ ಆಂಬುಲೆನ್ಸ್ ಹತ್ತಿಸಿ ಜಿಲ್ಲಾಸ್ಪತ್ರೆಗೆ ಕಳಿಸುತ್ತಾರೆ. ಅರಿವಳಿಕೆ ಕೊಡುವ ವೈದ್ಯರಿಲ್ಲ, ಅಷ್ಟೇ ಕಾರಣ. ಇದು ಊರಿಗೆಲ್ಲ ಗೊತ್ತು. ಶಾಸಕರಿಗೂ ಗೊತ್ತು. ಆದರೆ ಸರ್ಕಾರ ಇದನ್ನು ತನ್ನ ಬಾಯಲ್ಲೇ, ಬರವಣಿಗೆಯಲ್ಲಿ, ಎಲ್ಲರೂ ನೋಡುವಂತೆ ಒಪ್ಪಿಕೊಳ್ಳಬೇಕಾದರೆ ಏನು ಮಾಡಬೇಕು? ಅದಕ್ಕಿರುವ ದಾರಿ ಸದನದ ಪ್ರಶ್ನೆ.

ಕರ್ನಾಟಕ ವಿಧಾನಸಭೆಯಲ್ಲಿ 224 ಶಾಸಕರಿದ್ದಾರೆ, ವಿಧಾನ ಪರಿಷತ್ತಿನಲ್ಲಿ 75 ಸದಸ್ಯರು. ಅಧಿವೇಶನದ ದಿನಗಳಲ್ಲಿ ಪ್ರಶ್ನೋತ್ತರಕ್ಕೆಂದೇ ಹೊತ್ತು ಮೀಸಲಿಟ್ಟಿರುತ್ತಾರೆ. ಧರಣಿ, ಸಭಾತ್ಯಾಗಗಳ ಅಬ್ಬರದಲ್ಲಿ ಈ ಹೊತ್ತು ಸುದ್ದಿಯಾಗುವುದು ಕಡಿಮೆ. ನನ್ನ ಮಟ್ಟಿಗೆ, ಇಡೀ ದಿನದ ಕಲಾಪದಲ್ಲಿ ಒಂದು ತಾಲ್ಲೂಕಿಗೆ ನೇರವಾಗಿ ಉಪಯೋಗಕ್ಕೆ ಬರುವುದು ಇದೇ. ಸಂವಿಧಾನದ 164ನೇ ವಿಧಿಯ ಪ್ರಕಾರ ಮಂತ್ರಿಮಂಡಲ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆ. ಕೇಳಿದಾಗ ಎದ್ದು ನಿಂತು ಉತ್ತರ ಹೇಳುವುದು ಆ ಹೊಣೆಯ ದಿನನಿತ್ಯದ ರೂಪ.

ನಮ್ಮ ನೆಲದಲ್ಲಿ ಇದಕ್ಕೆ ಹಳೆಯ ಬೇರಿದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. ದಸರೆಯ ಹೊತ್ತಿಗೆ ಸೇರಿದ 144 ಪ್ರತಿನಿಧಿಗಳ ಮುಂದೆ ಆಡಳಿತದ ವರದಿ ಒಪ್ಪಿಸಿದರು. ಬಂದವರು ತಮ್ಮ ಸೀಮೆಯ ಕಷ್ಟಸುಖ ಹೇಳಿಕೊಳ್ಳಬಹುದಿತ್ತು. ಬ್ರಿಟಿಷ್ ಇಂಡಿಯಾದ ಶಾಸನಸಭೆಗಳಿಗೆ ಪ್ರಶ್ನೆ ಕೇಳುವ ಹಕ್ಕು ಬಂದದ್ದು 1892ರ ಕಾಯ್ದೆಯಿಂದ. ಉತ್ತರದ ಮೇಲೆ ಮತ್ತೊಂದು ಪ್ರಶ್ನೆ ಹಾಕುವ ಹಕ್ಕು 1909ರ ಕಾಯ್ದೆಯಿಂದ. ಅಹವಾಲಿಗೂ ಪ್ರಶ್ನೆಗೂ ಇರುವ ಅಂತರ ದೊಡ್ಡದು. ಅಹವಾಲನ್ನು ಕೇಳಿಸಿಕೊಂಡು ತಲೆಯಾಡಿಸಿ ಕಳಿಸಿಬಿಡಬಹುದು. ಪ್ರಶ್ನೆಯನ್ನು ಹಾಗೆ ಕಳಿಸಲಾಗದು, ಅದು ಉತ್ತರ ಬರುವ ತನಕ ಕಡತದಲ್ಲಿ ಕೂತಿರುತ್ತದೆ.

ಪ್ರಶ್ನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಬರುತ್ತದೆ, ಉಪಪ್ರಶ್ನೆ ಇಲ್ಲ. ಚುಕ್ಕೆ ಸಿಗಲಿಲ್ಲವೆಂದು ಬೇಸರಪಡುವ ಶಾಸಕರುಂಟು. ಆದರೆ ಅಂಕಿ-ಅಂಶ ಬೇಕಾದಾಗ ಲಿಖಿತ ಉತ್ತರವೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಪಂಚಾಯಿತಿವಾರು, ಶಾಲೆವಾರು, ಕೆರೆವಾರು ಪಟ್ಟಿಯನ್ನು ಯಾವ ಮಂತ್ರಿಯೂ ನಿಂತು ಓದುವುದಿಲ್ಲ. ಅದು ‘ಅನುಬಂಧದಲ್ಲಿ ನೀಡಿದೆ’ ಎಂಬ ಸಾಲಿನ ಹಿಂದೆ, ಕೊನೆಯ ಪುಟಗಳಲ್ಲಿ ಇರುತ್ತದೆ.

ಇನ್ನು ಪ್ರಶ್ನೆಯ ಪ್ರಯಾಣ. ಶಾಸಕರು ಅಧಿವೇಶನಕ್ಕೆ ಮುಂಚೆಯೇ ವಿಧಾನಸಭೆಯ ಸಚಿವಾಲಯಕ್ಕೆ ಲಿಖಿತ ಸೂಚನೆ ಕೊಡುತ್ತಾರೆ. ಅದು ನಿಯಮಕ್ಕೆ ಒಪ್ಪುತ್ತದೆಯೇ ಎಂದು ಅಲ್ಲಿ ನೋಡುತ್ತಾರೆ. ವಾದ, ಊಹೆ, ವ್ಯಂಗ್ಯ, ಬೈಗುಳ ಇರಬಾರದು. ಕೋರ್ಟಿನಲ್ಲಿ ವಿಚಾರಣೆಯಲ್ಲಿರುವ ವಿಷಯವಾಗಿರಬಾರದು. ಬರಿಯ ಅಭಿಪ್ರಾಯ ಕೇಳಬಾರದು. ಮುಖ್ಯವಾಗಿ, ವಿಷಯ ಸರ್ಕಾರದ ಹೊಣೆಯೊಳಗೆ ಬರಬೇಕು. ಒಪ್ಪಿಗೆಯಾದ ಪ್ರಶ್ನೆ, ಆಸ್ಪತ್ರೆಯದ್ದಾದರೆ, ಆರೋಗ್ಯ ಇಲಾಖೆಯ ಕಾರ್ಯದರ್ಶಿಗೆ, ಅಲ್ಲಿಂದ ಆಯುಕ್ತರಿಗೆ, ಜಿಲ್ಲಾ ಆರೋಗ್ಯಾಧಿಕಾರಿಗೆ, ಕೊನೆಗೆ ತಾಲ್ಲೂಕು ಆರೋಗ್ಯಾಧಿಕಾರಿಯ ಮೇಜಿಗೆ ಇಳಿಯುತ್ತದೆ. ಕಚೇರಿಗಳಲ್ಲಿ ಇದಕ್ಕೆ ‘ಎಲ್‌ಎಕ್ಯೂ’ (ಲೆಜಿಸ್ಲೇಟಿವ್ ಅಸೆಂಬ್ಲಿ ಕ್ವೆಶ್ಚನ್) ಎಂದೇ ಹೆಸರು. ಪತ್ರದ ನೆತ್ತಿಯ ಮೇಲೆ ‘ಅತಿ ಜರೂರು’ ಎಂದಿರುತ್ತದೆ. ವರ್ಷಗಟ್ಟಲೆ ಅರ್ಜಿ ಕೊಟ್ಟರೂ ಅಲುಗದ ಮಾಹಿತಿ ಆ ಮೂರಕ್ಷರ ಕಂಡ ಕೂಡಲೇ ಹೊರಬರುತ್ತದೆ. ಮಾಹಿತಿ ಮತ್ತೆ ಮೆಟ್ಟಿಲು ಹತ್ತಿ ಹೋಗಿ, ಕರಡು ಉತ್ತರವಾಗಿ, ಮಂತ್ರಿಯ ಸಹಿ ಪಡೆದು ಸದನಕ್ಕೆ ಬರುತ್ತದೆ. ಕೇಳುವುದರಿಂದಲೇ ಅರ್ಧ ಕೆಲಸ ಆಗುತ್ತದೆ ಎಂದು ಅನುಭವಿ ಶಾಸಕರು ನಂಬುವುದು ಈ ಕಾರಣಕ್ಕೆ. ಉತ್ತರ ಬರೆಯುವ ಮುನ್ನವೇ ಖಾಲಿ ಹುದ್ದೆಯ ಕಡೆಗೆ ಮೇಲಿನವರ ಕಣ್ಣು ಹರಿದಿರುತ್ತದೆ.

ಆದರೆ ಎಲ್ಲವೂ ಪ್ರಶ್ನೆ ಹೇಗೆ ಬರೆದಿದ್ದಾರೆ ಎಂಬುದರ ಮೇಲೆ ನಿಂತಿದೆ. ನಮ್ಮ ಸದನದ ಉತ್ತರ ಪತ್ರಿಕೆಯನ್ನು ಒಮ್ಮೆ ನೋಡಿದವರಿಗೆ ಅದರ ಅಚ್ಚು ಮರೆಯುವುದಿಲ್ಲ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ; ಅ, ಆ, ಇ, ಈ ಎಂದು ಭಾಗಗಳು. ‘ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯಕೀಯ ಸೇವೆ ಹದಗೆಟ್ಟಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮಗಳೇನು?’ ಇದು ತೀರಾ ಸಾಮಾನ್ಯವಾದ ಧಾಟಿ. ಇದಕ್ಕೆ ಮೊದಲ ಭಾಗದಲ್ಲಿ ‘ಬಂದಿರುವುದಿಲ್ಲ’ ಎಂದು ಬರೆದು, ಎರಡನೆಯದರಲ್ಲಿ ‘ಉದ್ಭವಿಸುವುದಿಲ್ಲ’ ಎಂದರೆ ಮುಗಿಯಿತು. ಒಂದು ಊರಿನ ನೋವು ಎರಡು ಶಬ್ದಗಳಲ್ಲಿ ತೀರಿಹೋಗುತ್ತದೆ, ಬರೆದ ಅಧಿಕಾರಿ ನಿಯಮದ ಪ್ರಕಾರ ಯಾವ ತಪ್ಪನ್ನೂ ಮಾಡಿರುವುದಿಲ್ಲ. ‘ಹದಗೆಟ್ಟಿದೆ’ ಎಂಬುದು ಅಭಿಪ್ರಾಯ. ಅದನ್ನು ಅಲ್ಲಗಳೆಯುವುದು ಸುಲಭ.

ಅದೇ ವಿಷಯವನ್ನು ಹೀಗೆ ಕೇಳಿದರೆ? ಆ ಆಸ್ಪತ್ರೆಗೆ ಮಂಜೂರಾದ ತಜ್ಞ ವೈದ್ಯರ ಹುದ್ದೆಗಳು ಎಷ್ಟು, ಹುದ್ದೆವಾರು ವಿವರ ಕೊಡಿ. ಭರ್ತಿಯಾಗಿರುವವು ಯಾವುವು, ಖಾಲಿ ಇರುವವು ಯಾವ ದಿನಾಂಕದಿಂದ ಖಾಲಿ ಇವೆ? ಭರ್ತಿಯಾದವರ ಪೈಕಿ ನಿಯೋಜನೆಯ ಮೇಲೆ ಬೇರೆ ಕಡೆ ಕೆಲಸ ಮಾಡುತ್ತಿರುವವರು ಎಷ್ಟು ಮಂದಿ? ಕಳೆದ ಮೂರು ವರ್ಷಗಳಲ್ಲಿ ಅಲ್ಲಿ ಆದ ಹೆರಿಗೆ ಎಷ್ಟು, ಸಿಸೇರಿಯನ್ ಎಷ್ಟು, ಜಿಲ್ಲಾಸ್ಪತ್ರೆಗೆ ಕಳಿಸಿದ ಪ್ರಕರಣಗಳು ಎಷ್ಟು? ಅರಿವಳಿಕೆ ತಜ್ಞರ ಹುದ್ದೆಯನ್ನು ಯಾವ ಕಾಲಮಿತಿಯಲ್ಲಿ ಭರ್ತಿ ಮಾಡಲಾಗುವುದು?

ಇದರಲ್ಲಿ ‘ಉದ್ಭವಿಸುವುದಿಲ್ಲ’ ಎನ್ನಲು ಜಾಗವಿಲ್ಲ. ಅದರಲ್ಲೂ ‘ನಿಯೋಜನೆ’ ಎಂಬ ಶಬ್ದ ಮುಖ್ಯ. ಕಾಗದದ ಮೇಲೆ ಭರ್ತಿಯಾದ ಹುದ್ದೆಯ ಡಾಕ್ಟರು ಬೇರೊಂದು ನಗರದಲ್ಲಿ ಕೆಲಸ ಮಾಡುತ್ತಾ, ಸಂಬಳ ಮಾತ್ರ ಈ ಆಸ್ಪತ್ರೆಯ ಹೆಸರಿನಲ್ಲಿ ಪಡೆಯುತ್ತಿರಬಹುದು. ಆ ಒಂದು ಭಾಗವನ್ನು ಕೇಳದಿದ್ದರೆ ‘ಭರ್ತಿಯಾಗಿದೆ’ ಎಂಬ ಉತ್ತರ ಬರುತ್ತದೆ, ಅದು ಸುಳ್ಳೂ ಆಗಿರುವುದಿಲ್ಲ. ಇಂಥ ಒಳಸುಳಿ ಗೊತ್ತಿರುವುದು ವಿಧಾನಸೌಧದವರಿಗಿಂತ ಹೆಚ್ಚಾಗಿ ಆಸ್ಪತ್ರೆಯ ನರ್ಸಿಗೆ, ಊರಿನ ಆಶಾ ಕಾರ್ಯಕರ್ತೆಗೆ. ಒಳ್ಳೆಯ ಪ್ರಶ್ನೆ ಹುಟ್ಟುವುದು ಅವರ ಹತ್ತಿರ ಕೂತು ಮಾತಾಡಿದಾಗ.

ಸದನದ ಒಳಗೆ ಪ್ರಶ್ನೆಯ ಸರದಿ ಬಂದಾಗ ಮಂತ್ರಿ ‘ಉತ್ತರ ಒದಗಿಸಲಾಗಿದೆ’ ಎನ್ನುತ್ತಾರೆ. ಅದರ ಪ್ರತಿ ಪ್ರಶ್ನೆ ಕೇಳಿದ ಶಾಸಕರ ಕೈಯಲ್ಲಿರುತ್ತದೆ. ನಿಜವಾದ ವಿಚಾರಣೆ ಶುರುವಾಗುವುದು ಆಮೇಲೆ, ಉಪಪ್ರಶ್ನೆಯಲ್ಲಿ. ಮಂತ್ರಿಯ ಹಿಂದೆ ಇಲಾಖೆಯ ಬಲವೇ ಇದೆ. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿಗಳು ಬರುತ್ತಿರುತ್ತವೆ. ಶಾಸಕರ ಹತ್ತಿರ ಇರುವುದು ಉತ್ತರದ ಒಂದು ಪ್ರತಿ, ಒಂದೆರಡು ನಿಮಿಷ. ಈ ಹೊತ್ತಿನಲ್ಲಿ ಭಾಷಣಕ್ಕೆ ಇಳಿದವರು ಸೋಲುತ್ತಾರೆ. ಬೇಸರದಿಂದ ಹೇಳುತ್ತಿದ್ದೇನೆ, ಬಹಳ ಮಂದಿ ಇಳಿಯುತ್ತಾರೆ. ಕ್ಷೇತ್ರದ ಕಷ್ಟವನ್ನು ಐದು ನಿಮಿಷ ಬಣ್ಣಿಸಿ, ಕೊನೆಗೆ ‘ಸಚಿವರು ಕ್ರಮ ಕೈಗೊಳ್ಳಬೇಕು’ ಎಂದರೆ ಮಂತ್ರಿ ‘ಪರಿಶೀಲಿಸುತ್ತೇನೆ’ ಎಂದು ಕೂರುತ್ತಾರೆ. ಬದಲಿಗೆ, ‘ಮಾನ್ಯ ಸಭಾಧ್ಯಕ್ಷರೇ, ಹೆರಿಗೆ ವೈದ್ಯರಿದ್ದಾರೆ ಎಂದು ಉತ್ತರದ (ಆ) ಭಾಗದಲ್ಲಿದೆ. (ಇ) ಭಾಗದಲ್ಲಿ ಒಂದು ವರ್ಷದಿಂದ ಒಂದೂ ಸಿಸೇರಿಯನ್ ಆಗಿಲ್ಲ ಎಂದಿದೆ. ಎರಡೂ ಹೇಗೆ ಸರಿ?’ ಎಂದು ಕೇಳಿದರೆ, ಸರ್ಕಾರದ ಎರಡು ಸಾಲುಗಳು ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ಆಗ ಯಾವ ಚೀಟಿಯೂ ನೆರವಿಗೆ ಬರುವುದಿಲ್ಲ.

ಗದ್ದಲದಲ್ಲಿ ಪ್ರಶ್ನೋತ್ತರ ಕೊಚ್ಚಿಹೋದ ದಿನ ಕಳೆದುಕೊಳ್ಳುವುದು ಇದನ್ನೇ. ಲಿಖಿತ ಉತ್ತರ ಹೇಗೂ ಸಿಗುತ್ತದೆ. ಎದುರುಬದುರು ನಿಂತು ಕೇಳುವ ಆ ಎರಡು ನಿಮಿಷ ಮತ್ತೆ ಸಿಗುವುದಿಲ್ಲ.

ಪ್ರಶ್ನೆಗೆ ಕಾಯುವಷ್ಟು ವ್ಯವಧಾನವಿಲ್ಲದ ಸಂಗತಿಗಳೂ ಇರುತ್ತವೆ. ಉಳ್ಳಾಲದಲ್ಲಿ ಕಡಲು ಕೊರೆದು ಮನೆ ಬೀಳುವಂತಿದೆ, ಸಕಲೇಶಪುರದ ಕಡೆ ಆನೆ ತುಳಿದು ಜೀವ ಹೋಗಿದೆ, ಸಾಗರ ಸೀಮೆಯಲ್ಲಿ ಮಂಗನ ಕಾಯಿಲೆ ಮರಳಿದೆ. ಇಂಥದ್ದಕ್ಕೆ ಶೂನ್ಯ ವೇಳೆ ಇದೆ, ಗಮನ ಸೆಳೆಯುವ ಸೂಚನೆ ಇದೆ. ಶೂನ್ಯ ವೇಳೆಯ ಪ್ರಸ್ತಾಪಕ್ಕೆ ಮಂತ್ರಿ ಅಲ್ಲೇ ಉತ್ತರಿಸುವರೆಂಬ ಖಾತರಿಯಿಲ್ಲ. ಗಮನ ಸೆಳೆಯುವ ಸೂಚನೆಗೆ ಉತ್ತರ ಬೇಕೇ ಬೇಕು. ಇಡೀ ಪ್ರದೇಶದ ಸಮಸ್ಯೆಯನ್ನು ಗಂಟೆಗಟ್ಟಲೆ ಚರ್ಚಿಸಬೇಕೆಂದರೆ ವಿಧಾನಸಭೆಯಲ್ಲಿ ನಿಯಮ 69ರ ಚರ್ಚೆ. ಬರ, ನೆರೆ ಬಂದ ವರ್ಷ ಪತ್ರಿಕೆಗಳಲ್ಲಿ ಈ ಸಂಖ್ಯೆ ನಿಮ್ಮ ಕಣ್ಣಿಗೂ ಬಿದ್ದಿರುತ್ತದೆ.

ಉತ್ತರ ಕರ್ನಾಟಕದ ಮಾತು ಬಂದಾಗ ಬೆಳಗಾವಿಯನ್ನು ಹೇಳದೆ ಆಗದು. ಅಲ್ಲಿ ಮೊದಲ ಅಧಿವೇಶನ ನಡೆದದ್ದು 2006ರಲ್ಲಿ; ಸುವರ್ಣ ವಿಧಾನಸೌಧ ಉದ್ಘಾಟನೆಯಾದದ್ದು 2012ರ ಅಕ್ಟೋಬರ್ 11ರಂದು. ಉತ್ತರ ಕರ್ನಾಟಕದ ಸದಸ್ಯರ ಕೈಯಲ್ಲಿ ಎರಡು ಗಟ್ಟಿ ಆಧಾರಗಳಿವೆ. ಒಂದು, ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ. ಆಗಿದ್ದ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದವು ಎಂದು ಅದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಕಲಬುರಗಿ ವಿಭಾಗದವು. ತಾಲ್ಲೂಕಿನ ಹೆಸರು ಹಿಡಿದು ‘ಇದಕ್ಕೆ ಕೊಟ್ಟದ್ದೆಷ್ಟು, ಖರ್ಚಾದದ್ದೆಷ್ಟು’ ಎಂದು ಕೇಳಲು ಇದಕ್ಕಿಂತ ಒಳ್ಳೆಯ ಅಡಿಪಾಯ ಬೇಕಿಲ್ಲ. ಇನ್ನೊಂದು, ಸಂವಿಧಾನದ 371(ಜೆ) ವಿಧಿ. ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಮಾಡಲು ಅವಕಾಶ ಕೊಡುವ ಈ ವಿಧಿ, ಮಂಡಳಿಯ ಕಾರ್ಯವೈಖರಿಯ ವರದಿ ಪ್ರತಿವರ್ಷ ವಿಧಾನಸಭೆಯ ಮುಂದೆ ಬರಬೇಕು ಎಂಬುದನ್ನೂ ಸೇರಿಸಿದೆ. ಪ್ರಶ್ನೆ ಕೇಳಲು ಬೇಕಾದ ದಾಖಲೆಯ ಏರ್ಪಾಡನ್ನು ಸಂವಿಧಾನವೇ ಮಾಡಿಟ್ಟಿದೆ ಎಂಬುದು ಸಣ್ಣ ಮಾತಲ್ಲ.

ಯಾರನ್ನು ಕೇಳಬೇಕು ಎಂಬಲ್ಲಿ ಎಡವುವವರು ಬಹಳ. ರಾಜ್ಯ ಹೆದ್ದಾರಿಯ ಗುಂಡಿಗೆ ಲೋಕೋಪಯೋಗಿ ಸಚಿವರು ಹೊಣೆ. ರೈಲ್ವೆ ಗೇಟಿನಲ್ಲಿ ಅರ್ಧ ಗಂಟೆ ನಿಲ್ಲಬೇಕಾದ ಊರಿನವರು ಸಂಸದರ ಹತ್ತಿರ ಹೋಗಬೇಕು, ಅದು ಕೇಂದ್ರದ ವಿಷಯ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಪ್ರಶ್ನೆ, 230 ಚುಕ್ಕೆಯಿಲ್ಲದವು. ಸೂಚನೆಗಳು ಹೆಚ್ಚಾಗಿ ಬರುವುದರಿಂದ ಲಾಟರಿ ಎತ್ತುತ್ತಾರೆ. ಕರ್ನಾಟಕದ 28 ಲೋಕಸಭಾ ಸದಸ್ಯರಲ್ಲಿ ಯಾರ ಹೆಸರು ಬರುತ್ತದೋ ಬರಲಿ, ಲಿಖಿತ ಉತ್ತರದ ದಾರಿ ಅಗಲವಾಗಿದೆ.

ಇನ್ನೊಂದು ಸೂಕ್ಷ್ಮವಿದೆ. ಮಂತ್ರಿಯಾದವರು ಸದನದಲ್ಲಿ ಪ್ರಶ್ನೆ ಕೇಳುವುದಿಲ್ಲ. ತಮ್ಮ ಶಾಸಕರು ಮಂತ್ರಿಯಾದರೆಂದು ಹಿಗ್ಗುವ ಕ್ಷೇತ್ರ ಅದೇ ದಿನ ತನ್ನ ಪ್ರಶ್ನೆಗಾರರನ್ನು ಕಳೆದುಕೊಂಡಿರುತ್ತದೆ. ಆಗ ಪಕ್ಕದ ಕ್ಷೇತ್ರದ ಶಾಸಕರನ್ನೋ ಪರಿಷತ್ ಸದಸ್ಯರನ್ನೋ ಹಿಡಿಯಬೇಕು. ಪರಿಷತ್ತಿನ 75ರಲ್ಲಿ 25 ಮಂದಿ ಸ್ಥಳೀಯ ಸಂಸ್ಥೆಗಳಿಂದಲೇ ಆರಿಸಿ ಬಂದವರು. ಅವರ ಮತದಾರರಲ್ಲಿ ಹೆಚ್ಚಿನವರು ಗ್ರಾಮ ಪಂಚಾಯಿತಿ ಸದಸ್ಯರೇ. ಪಂಚಾಯಿತಿಯ ಕುಡಿಯುವ ನೀರು, ಕಸ, ಬೀದಿದೀಪ ಕುರಿತ ಪ್ರಶ್ನೆಗೆ ಇವರಿಗಿಂತ ಸಲ್ಲುವವರಿಲ್ಲ. ಅಧಿವೇಶನವಿಲ್ಲದ ತಿಂಗಳುಗಳಲ್ಲಿ ತಾಲ್ಲೂಕಿನಲ್ಲಿ ಶಾಸಕರು, ಜಿಲ್ಲೆಯಲ್ಲಿ ಉಸ್ತುವಾರಿ ಸಚಿವರು ನಡೆಸುವ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆ ಇದೆ. ಅಲ್ಲಿ ಅಧಿಕಾರಿಗಳನ್ನು ನೇರವಾಗಿ ಕೇಳಬಹುದು, ಆದರೆ ಅಲ್ಲಿ ಸಿಗುವ ಮಾತಿಗೆ ಸದನದ ಉತ್ತರದಷ್ಟು ತೂಕವಿಲ್ಲ.

ಆ ತೂಕ ಎಲ್ಲಿಂದ ಬರುತ್ತದೆ? ಮಂತ್ರಿ ಸದನದಲ್ಲಿ ‘ಮೂರು ತಿಂಗಳೊಳಗೆ ಭರ್ತಿ ಮಾಡುತ್ತೇವೆ’, ‘ಮಾಹಿತಿ ತರಿಸಿಕೊಂಡು ತಿಳಿಸುತ್ತೇನೆ’ ಎಂದರೆ ಅದು ಭರವಸೆ ಎನಿಸಿಕೊಳ್ಳುತ್ತದೆ. ಅಂಥ ಮಾತುಗಳನ್ನು ನಡವಳಿಯಿಂದ ಹೆಕ್ಕಿ ತೆಗೆದು ಬೆನ್ನುಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ಅದು ಇಲಾಖೆಯ ಅಧಿಕಾರಿಗಳನ್ನು ಕರೆಸಿ ಕೇಳುತ್ತದೆ. ಗೊತ್ತಿದ್ದೂ ಸದನಕ್ಕೆ ತಪ್ಪು ಮಾಹಿತಿ ಕೊಟ್ಟದ್ದಾದರೆ ಹಕ್ಕುಚ್ಯುತಿಯ ಮಾತು ಏಳುತ್ತದೆ. ಮಂತ್ರಿಗಳು ಸದನದಲ್ಲಿ ಅಳೆದು ಸುರಿದು ಮಾತಾಡುವುದು ಈ ಕಾರಣಕ್ಕೆ. ‘ಅನುದಾನದ ಲಭ್ಯತೆಗೆ ಅನುಗುಣವಾಗಿ’ ಎಂಬ ಬಾಲ ಸೇರಿಸುವುದೂ ಇದಕ್ಕೇ. ಆ ಬಾಲ ಕಂಡರೆ, ದಿನಾಂಕ ಕೊಟ್ಟಿಲ್ಲ ಎಂದು ತಿಳಿಯಬೇಕು. ಮುಂದಿನ ಅಧಿವೇಶನಕ್ಕೆ ಮತ್ತೊಂದು ಪ್ರಶ್ನೆ ಸಿದ್ಧಮಾಡಬೇಕು.

ನಿಮ್ಮ ಊರಿನ ವಿಷಯವನ್ನು ಶಾಸಕರ ಕೈಗೆ ಕೊಡುವುದಿದ್ದರೆ ಮನವಿಪತ್ರದ ರೂಪದಲ್ಲಿ ಕೊಡಬೇಡಿ, ಪ್ರಶ್ನೆಯ ರೂಪದಲ್ಲೇ ಕೊಡಿ. ನಾಲ್ಕೈದು ಭಾಗ, ಒಂದು ಪುಟ ಮೀರದಂತೆ, ಅಧಿವೇಶನದ ದಿನಾಂಕ ಪ್ರಕಟವಾಗುವುದಕ್ಕೆ ಮೊದಲೇ. ಉತ್ತರ ಬಂದಮೇಲೆ ವಿಧಾನಸಭೆಯ ಜಾಲತಾಣದಲ್ಲಿ ಕನ್ನಡದಲ್ಲೇ ಸಿಗುತ್ತದೆ, ಇಳಿಸಿಕೊಳ್ಳಿ. ಮೊದಲ ಪುಟ ಓದಿ ನಿಲ್ಲಿಸದೆ ಅನುಬಂಧಕ್ಕೆ ಹೋಗಿ ನಿಮ್ಮ ಆಸ್ಪತ್ರೆಯ ಸಾಲು ಹುಡುಕಿ. ಅರಿವಳಿಕೆ ತಜ್ಞರ ಕಾಲಮಿನಲ್ಲಿ ‘ಭರ್ತಿ’ ಎಂದಿದ್ದರೆ ಆ ಹಾಳೆ ಹಿಡಿದು ಆಸ್ಪತ್ರೆಗೆ ಹೋಗಿ, ಅವರು ಯಾವ ಕೋಣೆಯಲ್ಲಿ ಕೂರುತ್ತಾರೆ ಎಂದು ಕೇಳಿ.