ಚಾಚಾ ಅವರ ಮಸಾಲೆ ಪೊಟ್ಟಣ ಮತ್ತು ಟ್ರೇಡ್‌ಮಾರ್ಕ್ ಕಾನೂನು

ಅಕೌಂಟೆನ್ಸಿ ತರಗತಿಯಲ್ಲಿ ಗುಡ್‌ವಿಲ್ ಪಾಠ ಬಂದಾಗ ನಾವೆಲ್ಲ ಸೂತ್ರ ಬರೆದುಕೊಂಡು, ಲೆಕ್ಕ ಬಿಡಿಸಿ, ಪುಸ್ತಕ ಮುಚ್ಚಿದೆವು. ಗುಡ್‌ವಿಲ್ ಎಂದರೆ ಕಣ್ಣಿಗೆ ಕಾಣದ ಆಸ್ತಿ ಎಂದು ಸರ್ ಹೇಳಿದ್ದರು. ಆ ಆಸ್ತಿಯನ್ನು ಕದಿಯಲೂ ಬಹುದು ಎಂದು ನನಗೆ ಗೊತ್ತಾದದ್ದು ಕಳೆದ ವರ್ಷ, ನಮ್ಮ ಚಾಚಾ ಅವರ ಅಂಗಡಿಯಲ್ಲಿ.

ಚಾಚಾ 11 ವರ್ಷಗಳಿಂದ ಬಿರಿಯಾನಿ ಮಸಾಲೆ ಮಾಡಿ ಮಾರುತ್ತಿದ್ದಾರೆ. ಹಸಿರು ಪೊಟ್ಟಣ, ಹಳದಿ ಅಕ್ಷರ. ಒಂದು ದಿನ ಹಳೆಯ ಗಿರಾಕಿಯೊಬ್ಬರು ಬಂದು, "ಏನು ಭಾಯ್, ಮರದ ಹೊಟ್ಟು ತುಂಬಿದ್ದೀರಾ?" ಎಂದು ಪೊಟ್ಟಣವನ್ನು ಮೇಜಿನ ಮೇಲಿಟ್ಟರು. ಅದೇ ಹಸಿರು, ಅದೇ ಹಳದಿ. ಹೆಸರಿನಲ್ಲಿ ಮಾತ್ರ ಒಂದಕ್ಷರ ಬೇರೆ. ಅದು ಚಾಚಾ ಅವರದ್ದಾಗಿರಲಿಲ್ಲ.

ಅಸಲಿ, ನಕಲಿ ಎಂಬ ಎರಡೂ ಪದಗಳು ನಮ್ಮ ಮನೆಯ ಉರ್ದುವಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಆದರೆ ವಕೀಲರು ಕೇಳಿದ ಮೊದಲ ಪ್ರಶ್ನೆ ಅಸಲಿ ಯಾವುದು ಎಂದಲ್ಲ. "ಹೆಸರು ನೋಂದಣಿ ಆಗಿದೆಯಾ?" ಎಂದು ಕೇಳಿದರು. ಆಗಿರಲಿಲ್ಲ.

ಇಲ್ಲಿ ಕಾನೂನನ್ನು ಸ್ವಲ್ಪ ವಿವರಿಸಬೇಕು. ಬುದ್ಧಿಯಿಂದ ಹುಟ್ಟಿದ ಆಸ್ತಿಗೆ ಬೌದ್ಧಿಕ ಆಸ್ತಿ ಎನ್ನುತ್ತಾರೆ. ಹೊಸ ಆವಿಷ್ಕಾರಕ್ಕೆ ಪೇಟೆಂಟ್, 20 ವರ್ಷ. ಪುಸ್ತಕಕ್ಕೆ ಹಕ್ಕುಸ್ವಾಮ್ಯ, ಬರೆದವರ ಜೀವಿತಕಾಲ ಮತ್ತು ನಂತರ 60 ವರ್ಷ. ವ್ಯಾಪಾರದ ಹೆಸರು, ಗುರುತುಗಳಿಗೆ 1999ರ ಟ್ರೇಡ್‌ಮಾರ್ಕ್ ಕಾಯ್ದೆ. ಈ ನೋಂದಣಿ 10 ವರ್ಷಕ್ಕೆ, ಆದರೆ ಎಷ್ಟು ಸಲ ಬೇಕಾದರೂ ನವೀಕರಿಸಬಹುದು.

ನೋಂದಣಿ ಇದ್ದರೆ ನೇರವಾಗಿ ಉಲ್ಲಂಘನೆಯ ದಾವೆ ಹಾಕಬಹುದು. ಇಲ್ಲದಿದ್ದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. 'ಪಾಸಿಂಗ್ ಆಫ್' ಎಂಬ ದಾವೆ ಇದೆ, ಅಂದರೆ ತನ್ನ ಸರಕನ್ನು ಇನ್ನೊಬ್ಬರದು ಎಂದು ಸಾಗಹಾಕುವುದರ ವಿರುದ್ಧ. ಆದರೆ ಅದರಲ್ಲಿ ನಮಗೆ ಒಳ್ಳೆಯ ಹೆಸರಿತ್ತು, ಎದುರಿನವರು ಜನರನ್ನು ದಾರಿ ತಪ್ಪಿಸಿದರು, ಅದರಿಂದ ನಮಗೆ ನಷ್ಟವಾಯಿತು ಎಂಬ ಮೂರನ್ನೂ ನಾವೇ ಸಾಬೀತು ಮಾಡಬೇಕು. ಹಾಗಾಗಿ ವಕೀಲರು ಹಳೆಯ ಬಿಲ್ಲುಗಳನ್ನು, ಪೊಟ್ಟಣ ಅಚ್ಚು ಹಾಕಿಸಿದ ರಸೀದಿಗಳನ್ನು ತನ್ನಿ ಎಂದರು. ಮೊದಲ ನಾಲ್ಕು ವರ್ಷದ ಬಿಲ್ ಪುಸ್ತಕಗಳು ಮನೆ ಬದಲಾಯಿಸುವಾಗ ರದ್ದಿಗೆ ಹೋಗಿದ್ದವು. ಚಾಚಿ ಇಂದಿಗೂ ಅದನ್ನು ನೆನೆದು ಬೇಸರ ಮಾಡಿಕೊಳ್ಳುತ್ತಾರೆ. ದಾಖಲೆ ಇಡಿ ಎಂದು ನಮ್ಮ ಮೇಡಂ ಹೇಳುವುದು ತೆರಿಗೆಗಾಗಿ ಮಾತ್ರ ಅಲ್ಲ ಎಂದು ನನಗೆ ಆಗ ಅರ್ಥವಾಯಿತು.

ದೊಡ್ಡವರಿಗೆ ಈ ಕಾಟ ಇಲ್ಲ ಎಂದುಕೊಳ್ಳಬೇಡಿ. ಮೈಸೂರು ಸ್ಯಾಂಡಲ್ ಸೋಪು ನಮ್ಮ ಸರ್ಕಾರದ್ದೇ ಕಂಪನಿಯ ಸರಕು, ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಆದರೂ 2024ರ ಜನವರಿಯಲ್ಲಿ ಅದರ ನಕಲಿ ತಯಾರಿಸುತ್ತಿದ್ದ ಘಟಕ ಹೈದರಾಬಾದ್‌ನಲ್ಲಿ ಸಿಕ್ಕಿಬಿತ್ತು. ಸುಮಾರು 2 ಕೋಟಿ ರೂಪಾಯಿಯ ಮಾಲು ವಶವಾಯಿತು. ಇಂಥ ಅಪರಾಧಕ್ಕೆ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಇದೆ.

ಹಾಗೆಂದು ಹೆಸರು ಹೋಲುವುದೆಲ್ಲ ಕಳ್ಳತನವೂ ಅಲ್ಲ. ನಮ್ಮ ನಂದಿನಿ ಹಾಲಿನ ಮೊಕದ್ದಮೆ ನನಗೆ ಬಹಳ ಇಷ್ಟವಾಯಿತು. ಕೆಎಂಎಫ್ 1985ರಿಂದ ಆ ಹೆಸರು ಬಳಸುತ್ತಿದೆ. ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲ್ ಶುರುವಾದದ್ದು 1989ರಲ್ಲಿ. ಹೋಟೆಲಿನವರು ನೋಂದಣಿ ಕೇಳಿದಾಗ ಕೆಎಂಎಫ್ ವಿರೋಧಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನ ಪರ ತೀರ್ಪು ಕೊಟ್ಟಿತು. ನಂದಿನಿ ಪುರಾಣದ ಹಸುವಿನ ಹೆಸರು, ಯಾರೊಬ್ಬರೂ ಹುಟ್ಟುಹಾಕಿದ್ದಲ್ಲ. ಎರಡರ ಚಿಹ್ನೆಯೂ ಬೇರೆ, ವ್ಯಾಪಾರವೂ ಬೇರೆ, ಆದ್ದರಿಂದ ಗಿರಾಕಿ ಗೊಂದಲಪಡುವುದಿಲ್ಲ ಎಂದಿತು. ಆದರೆ ಹಾಲು, ಹಾಲಿನ ಪದಾರ್ಥಗಳಿಗೆ ಹೋಟೆಲಿನವರು ಆ ನೋಂದಣಿ ಪಡೆಯುವಂತಿಲ್ಲ. ಚಾಚಾ ಅವರ ವಿಷಯದಲ್ಲಾದರೋ ಎರಡೂ ಬಿರಿಯಾನಿ ಮಸಾಲೆಯೇ, ಪೊಟ್ಟಣವೂ ಒಂದೇ ಬಣ್ಣದ್ದು.

ಇದನ್ನೆಲ್ಲ ಮನೆಯಲ್ಲಿ ಜೋರಾಗಿ ವಿವರಿಸುತ್ತಿದ್ದಾಗ ನನ್ನ ತಂಗಿ, "ನಿನ್ನ ಫೋನಿನಲ್ಲಿರುವ ಗೈಡಿನ ಪಿಡಿಎಫ್ ಯಾರದ್ದು?" ಎಂದಳು. ನನಗೆ ಉತ್ತರ ಬರಲಿಲ್ಲ. ಪಾಠಕ್ಕೆ ಬೇಕಾದ ಭಾಗಗಳನ್ನು ಜೆರಾಕ್ಸ್ ಮಾಡಿ ವಿದ್ಯಾರ್ಥಿಗಳಿಗೆ ಕೊಡಬಹುದು ಎಂದು ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿದೆ, ನಿಜ. ಆದರೆ ಇಡೀ ಗೈಡನ್ನು ಸ್ಕ್ಯಾನ್ ಮಾಡಿ ಗ್ರೂಪಿಗೆ ಹಾಕುವುದು ಪೈರಸಿಯೇ. ಆ ಗೈಡ್ ಬರೆದವರೂ ಎಲ್ಲೋ ಒಬ್ಬ ಉಪನ್ಯಾಸಕರು ಇರಬೇಕು. ಆ ಪಿಡಿಎಫ್ ಅಳಿಸಿದೆ. ಗೈಡನ್ನು ನಾವು ಮೂವರು ಸೇರಿ ಕೊಂಡೆವು.

ಚಾಚಾ ಈಗ ಅರ್ಜಿ ಹಾಕಿದ್ದಾರೆ. ಸಣ್ಣ ವ್ಯಾಪಾರಿಗೆ ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ಮಸಾಲೆ 30ನೇ ವರ್ಗಕ್ಕೆ ಸೇರುತ್ತದೆ. ಪರಿಶೀಲನೆ ಆದ ಮೇಲೆ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟಿಸುತ್ತಾರೆ, ಆಕ್ಷೇಪಣೆಗೆ 4 ತಿಂಗಳು ಕಾಲಾವಕಾಶ. ನೋಂದಣಿ ಸಿಕ್ಕಿದರೆ ಅದು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ.

ಹೊಸ ಪೊಟ್ಟಣ ಅಚ್ಚಾಗುವಾಗ ಪ್ರೆಸ್ಸಿನವರು, "ವೃತ್ತದೊಳಗೆ ಆರ್ ಹಾಕಿಬಿಡಲಾ? ನೋಡಲು ಚೆನ್ನಾಗಿರುತ್ತದೆ" ಎಂದರು. ಆ ಗುರುತು ನೋಂದಣಿ ಆದವರಿಗೆ ಮಾತ್ರ, ಮೊದಲೇ ಹಾಕಿದರೆ ನಮಗೇ ದಂಡ ಎಂದು ನಾನು ತಡೆದೆ. ಹಳದಿ ಅಕ್ಷರದ ಪಕ್ಕದಲ್ಲಿ ಸಣ್ಣದಾಗಿ 'ಟಿ ಎಂ' ಅಂತಷ್ಟೇ ಹಾಕಿಸಿದ್ದೇವೆ.